ಜ್ವರದ ಗುಟ್ಟನ್ನು ಬಯಲು ಮಾಡಿದ ರೊನಾಲ್ಡ್ ರಾಸ್

ಮಲೇರಿಯಾ ಎಂಬ ಪದಕ್ಕೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಜೌಗು ಪ್ರದೇಶದ ಕೆಟ್ಟ ಗಾಳಿಯಿಂದಲೇ ಈ ಜ್ವರ ಬರುತ್ತದೆಂದು ಜನರು ಬಹುಕಾಲ ನಂಬಿದ್ದರು. ಅದು ಸೊಳ್ಳೆಯಿಂದ ಹರಡುತ್ತದೆಂದು ನಮ್ಮ ದೇಶದಲ್ಲಿದ್ದುಕೊಂಡೇ ತೋರಿಸಿಕೊಟ್ಟವರು ಸರ್ ರೊನಾಲ್ಡ್ ರಾಸ್.

ರಾಸ್ 1857ರ ಮೇ 13ರಂದು ಅಲ್ಮೋರಾದಲ್ಲಿ ಜನಿಸಿದರು. ಕಾವ್ಯ, ಸಂಗೀತಗಳಲ್ಲಿ ಆಸಕ್ತಿಯಿದ್ದರೂ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು.

ಮಲೇರಿಯಾ ರೋಗಾಣುವನ್ನು ಫ್ರಾನ್ಸಿನ ವೈದ್ಯ ಲಾವೆರಾನ್ 1880ರಲ್ಲಿಯೇ ಕಂಡುಹಿಡಿದಿದ್ದರು. ರಾಸ್ ಮೊದಲು ಇದನ್ನು ನಂಬಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಡಾ. ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಲ್ಲಿ ರೋಗಿಯ ರಕ್ತವನ್ನು ತೋರಿಸಿದ ಮೇಲೆ ಒಪ್ಪಿದರು. ಮರುವರ್ಷ ಭಾರತಕ್ಕೆ ಮರಳಿ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಪರೀಕ್ಷಿಸತೊಡಗಿದರು. ಎರಡು ವರ್ಷ ಫಲ ಸಿಗಲಿಲ್ಲ. ನಡುವೆ ಊಟಿಯ ಕಡೆಗೆ ಹೋದಾಗ ಅವರಿಗೇ ಮಲೇರಿಯಾ ತಗಲಿತು.

ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಪಡೆದು ಈ ಪ್ರಯೋಗಕ್ಕೆ ಒಪ್ಪಿದರು. 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಕಂಡಿತು. 1898ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಮಹಮ್ಮದ್ ಬಕ್ಷ್ ಅವರೊಡನೆ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಚ್ಚುವಾಗ ಹರಡುತ್ತದೆಂದು ಸಿದ್ಧಪಡಿಸಿದರು. ಮನುಷ್ಯರ ವಿಷಯದಲ್ಲಿ ಇದನ್ನು ಇಟಲಿಯ ಗ್ರಾಸಿ ಮತ್ತು ಸಂಗಡಿಗರು ತೋರಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1932ರ ಸೆಪ್ಟೆಂಬರ್ 16ರಂದು ಅವರು ನಿಧನರಾದರು.

ರಾಸ್ ಅವರ ಜೀವನದಿಂದ ನಮಗೆ ಸಿಗುವ ಪಾಠವೆಂದರೆ, ಜ್ವರವನ್ನು ಊಹೆಯಿಂದ ತೀರ್ಮಾನಿಸಬಾರದು, ರಕ್ತವನ್ನು ನೋಡಬೇಕು. ಕಂಬಳಿ ಹೊದ್ದರೂ ನಿಲ್ಲದ ಚಳಿ ನಡುಕ, ನಂತರ ವಿಪರೀತ ಜ್ವರ, ತಲೆನೋವು, ವಾಂತಿ, ಕೊನೆಗೆ ಬೆವರಿ ಜ್ವರ ಇಳಿಯುವುದು ಮಲೇರಿಯಾದ ಸಾಮಾನ್ಯ ಲಕ್ಷಣಗಳು. ಜ್ವರ ಇಳಿದಾಗ ರೋಗಿ ಗುಣವಾಯಿತೆಂದು ಭಾವಿಸುತ್ತಾನೆ. ಒಂದು ದಿನ ಬಿಟ್ಟು ಅದು ಮತ್ತೆ ಬರಬಹುದು. ಎಲ್ಲರಲ್ಲೂ ಈ ಕ್ರಮ ಕಾಣುವುದಿಲ್ಲ. ಆದ್ದರಿಂದ ಜ್ವರ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿ ಅದು ಉಚಿತ. ವೈದ್ಯರು ಕೊಟ್ಟ ಮಾತ್ರೆಗಳನ್ನು ಜ್ವರ ಬಿಟ್ಟರೂ ಪೂರ್ತಿ ನುಂಗಬೇಕು. ಒಂದು ಬಗೆಯ ಮಲೇರಿಯಾಕ್ಕೆ 14 ದಿನ ಮಾತ್ರೆ ಬೇಕಾಗುತ್ತದೆ. ನಡುವೆ ಬಿಟ್ಟರೆ ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಮತ್ತೆ ಕಾಡಬಹುದು. ಪ್ರಜ್ಞೆ ತಪ್ಪುವುದು, ಫಿಟ್ಸ್, ಕಾಮಾಲೆ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯರು ಮತ್ತು ಎಳೆಯ ಮಕ್ಕಳ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ.

ವಿದ್ಯಾರ್ಥಿಗಳೇ, ರಾಸ್ ಅಂದು ಬೆಂಗಳೂರಿನಲ್ಲಿ ಮಾಡಿದಂತೆ ನಿಮ್ಮ ಮನೆಯ ಸುತ್ತ ನಿಂತ ನೀರನ್ನು ಇಂದೇ ಚೆಲ್ಲಿರಿ. ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ರಕ್ತ ಪರೀಕ್ಷೆಗೆ ಕರೆದೊಯ್ಯುವಂತೆ ಹಿರಿಯರಿಗೆ ತಿಳಿಸಿ ಹೇಳಿರಿ.