ಗಾಲಿಗೆ ಗಾಳಿ ತುಂಬಿದ ಜಾನ್ ಬಾಯ್ಡ್ ಡನ್‌ಲಪ್



ನಮ್ಮ ಮುಂಬಯಿಯ ಯಾವ ರಸ್ತೆಯ ಬದಿಯಲ್ಲಿ ನಿಂತರೂ ಬಿಡುವಿಲ್ಲದೆ ಉರುಳುವ ಗಾಲಿಗಳು ಕಣ್ಣಿಗೆ ಬೀಳುತ್ತವೆ. ಬಸ್ಸು, ಲಾರಿ, ಟ್ಯಾಕ್ಸಿ, ರಿಕ್ಷಾ, ಹಾಲಿನವನ ಸೈಕಲ್ಲು, ಇವೆಲ್ಲದರ ಭಾರವನ್ನು ಹೊತ್ತಿರುವುದು ಮುಖ್ಯವಾಗಿ ಟೈರಿನೊಳಗೆ ಸೆರೆಯಾಗಿರುವ ಗಾಳಿಯೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ಗಾಳಿಯನ್ನು ಗಾಲಿಗೆ ತುಂಬಿ ಲೋಕದ ಬಳಕೆಗೆ ತಂದವನು ಯಂತ್ರವಿದ್ಯೆಯನ್ನು ಕಲಿತವನಲ್ಲ. ಅವನು ಮೂಕಪ್ರಾಣಿಗಳ ರೋಗವನ್ನು ಗುರುತಿಸಿ ಮದ್ದು ಕೊಡುತ್ತಿದ್ದ ಒಬ್ಬ ಪಶುವೈದ್ಯ. ಅವನ ಹೆಸರು ಜಾನ್ ಬಾಯ್ಡ್ ಡನ್‌ಲಪ್. ಅವನ ಜೀವನವು ನಮಗೆ ಕಲಿಸುವ ಪಾಠ ಒಂದಿದೆ. ಅದನ್ನು ತಿಳಿಯುವ ಮುನ್ನ ಅವನ ಕಥೆಯನ್ನು ಕೇಳೋಣ.

ಡನ್‌ಲಪ್ಪನು 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ ಒಂದು ಒಕ್ಕಲು ಮನೆತನದಲ್ಲಿ ಜನಿಸಿದನು. ಹೊಲ, ದನ, ಕುದುರೆಗಳ ನಡುವೆ ಬೆಳೆದ ಬಾಲಕನು ಎಡಿನ್‌ಬರೋ ನಗರಕ್ಕೆ ಹೋಗಿ ಪಶುವೈದ್ಯವನ್ನು ಕಲಿತನು. ಕೆಲವು ವರ್ಷಗಳ ಕಾಲ ತನ್ನ ನಾಡಿನಲ್ಲಿಯೇ ವೃತ್ತಿ ಮಾಡಿ, 1867ರಲ್ಲಿ ಸಮುದ್ರವನ್ನು ದಾಟಿ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಎಂಬ ಊರಿಗೆ ಬಂದನು. ಉದ್ಯೋಗಕ್ಕಾಗಿ ಹುಟ್ಟೂರನ್ನು ಬಿಟ್ಟು ಬೇರೆ ನಾಡಿನಲ್ಲಿ ನೆಲೆಸುವುದೆಂದರೇನೆಂಬುದು ನಮ್ಮ ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಅಲ್ಲಿ ತನ್ನ ಸೋದರ ಜೇಮ್ಸನೊಡನೆ ಚಿಕಿತ್ಸಾಲಯವನ್ನು ನಡೆಸಿದನು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬವಳೊಡನೆ ಅವನ ವಿವಾಹವಾಯಿತು. ಒಬ್ಬ ಮಗಳೂ ಒಬ್ಬ ಮಗನೂ ಜನಿಸಿದರು. ಮುಂದೆ ಅವನು ಬೆಲ್‌ಫಾಸ್ಟ್ ನಗರಕ್ಕೆ ಬಂದು ಮೇ ಸ್ಟ್ರೀಟಿನಲ್ಲಿ ವೃತ್ತಿಯನ್ನು ಮುಂದುವರಿಸಿದನು. 1880ರ ದಶಕದ ನಡುವಿನ ವೇಳೆಗೆ ಅವನ ಚಿಕಿತ್ಸಾಲಯವು ಐರ್ಲೆಂಡಿನ ಅತಿ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದೆನಿಸಿತ್ತು.

ಆ ಕಾಲದ ಬೀದಿಗಳಿಗೆ ಕಲ್ಲುಗಳನ್ನು ಹಾಸಿರುತ್ತಿದ್ದರು. ಬಂಡಿಗಳ ಗಾಲಿಗೆ ಕಬ್ಬಿಣದ ಪಟ್ಟಿ, ಸೈಕಲ್ಲಿನ ಗಾಲಿಗೆ ಹೆಚ್ಚೆಂದರೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತು. ಡನ್‌ಲಪ್ಪನ ಮಗ ಜಾನಿಗೆ ಒಂದು ಮೂರು ಗಾಲಿಯ ಸೈಕಲ್ಲಿತ್ತು. ಆ ಕಲ್ಲುಹಾಸಿನ ಮೇಲೆ ಅದನ್ನು ತುಳಿಯುವಾಗ ಮೈಯೆಲ್ಲ ಕುಲುಕಾಡುತ್ತಿತ್ತು. ಇದನ್ನು ಎಷ್ಟೋ ತಂದೆಯರು ನೋಡಿ ಸುಮ್ಮನಿದ್ದಿರಬಹುದು. ಡನ್‌ಲಪ್ಪನು ಸುಮ್ಮನಿರಲಿಲ್ಲ. ಅವನಿಗೆ ರಬ್ಬರಿನ ಗುಣ ಚೆನ್ನಾಗಿ ತಿಳಿದಿತ್ತು. ಗಾಲಿಗೂ ನೆಲಕ್ಕೂ ನಡುವೆ ಗಾಳಿಯ ಮೆತ್ತೆಯೊಂದನ್ನು ಇಟ್ಟರೆ ಹೇಗೆಂದು ಅವನು ಯೋಚಿಸಿದನು.

1887ರ ಅಕ್ಟೋಬರಿನಲ್ಲಿ ಅವನು ತೆಳುವಾದ ರಬ್ಬರಿನ ಹಾಳೆಯಿಂದ ಒಂದು ಕೊಳವೆಯನ್ನು ಮಾಡಿ, ಸುಮಾರು 96 ಸೆಂಟಿಮೀಟರ್ ಅಗಲದ ಮರದ ಬಿಲ್ಲೆಯ ಅಂಚಿಗೆ ಅದನ್ನು ಕೂಡಿಸಿ ಗಾಳಿ ತುಂಬಿದನು. ಬಳಿಕ ಮಗನ ಸೈಕಲ್ಲಿನ ಲೋಹದ ಗಾಲಿಯೊಂದನ್ನು ಬಿಚ್ಚಿ, ಎರಡನ್ನೂ ಮನೆಯ ಅಂಗಳದಲ್ಲಿ ಉರುಳಿಸಿಬಿಟ್ಟನು. ಲೋಹದ ಗಾಲಿಯು ಸ್ವಲ್ಪ ದೂರ ಹೋಗಿ ಬಿದ್ದಿತು. ಗಾಳಿಯ ಗಾಲಿಯಾದರೋ ಅಂಗಳವನ್ನೆಲ್ಲ ದಾಟಿ, ಬಾಗಿಲ ಕಂಬಕ್ಕೆ ತಾಕಿ, ಪುಟಿದು ಹಿಂದಕ್ಕೆ ಬಂದಿತು!

ಇದರ ಮರ್ಮವೇನು? ಗಟ್ಟಿಯಾದ ಗಾಲಿಯು ಪ್ರತಿಯೊಂದು ಸಣ್ಣ ಕಲ್ಲನ್ನೂ ಹತ್ತಿ ಇಳಿಯಬೇಕು. ಹಾಗೆ ಹತ್ತಿ ಇಳಿಯುವುದರಲ್ಲಿಯೇ ಅದರ ವೇಗ ಕುಗ್ಗಿಹೋಗುತ್ತದೆ. ಗಾಳಿ ತುಂಬಿದ ಗಾಲಿಯಾದರೆ ಕಲ್ಲಿರುವ ಕಡೆ ತಾನೇ ತಗ್ಗಿ, ಕಲ್ಲು ಕಳೆದೊಡನೆ ಮತ್ತೆ ಉಬ್ಬಿಕೊಳ್ಳುತ್ತದೆ. ಹೀಗಾಗಿ ಸವಾರನಿಗೆ ಕುಲುಕಾಟವೂ ಕಡಮೆ, ತುಳಿಯುವ ಶ್ರಮವೂ ಕಡಮೆ. ಮಗನ ಮೈನೋವನ್ನು ತಪ್ಪಿಸಲು ಹೊರಟ ತಂದೆಗೆ ವೇಗವೆಂಬ ಇನ್ನೊಂದು ಲಾಭವೂ ದೊರೆಯಿತು.

1888ರ ಡಿಸೆಂಬರ್ 7ರಂದು ಡನ್‌ಲಪ್ಪನಿಗೆ ಈ ಶೋಧದ ಪೇಟೆಂಟು ದೊರೆಯಿತು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲೀ ಹ್ಯೂಮ್ ಎಂಬ ಸವಾರನು ಗಾಳಿ ಟೈರಿನ ಸೈಕಲ್ಲನ್ನೇರಿ ಬಂದು ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಗೆದ್ದನು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ ಒಂದನ್ನುಳಿದು ಎಲ್ಲವನ್ನೂ ಗೆದ್ದನು. ಸೋತವರಲ್ಲಿ ಹಾರ್ವೆ ದು ಕ್ರೋ ಎಂಬ ವ್ಯಾಪಾರಿಯ ಮಕ್ಕಳಿದ್ದರು. ಮಕ್ಕಳ ಸೋಲಿಗೆ ಕಾರಣವೇನೆಂದು ಆ ತಂದೆಯು ವಿಚಾರಿಸಿ, ಡನ್‌ಲಪ್ಪನ ಸ್ನೇಹವನ್ನು ಸಂಪಾದಿಸಿದನು. ಇಬ್ಬರೂ ಸೇರಿ ಡಬ್ಲಿನ್ ನಗರದಲ್ಲಿ ಕಂಪನಿಯನ್ನು ಕಟ್ಟಿದರು.

ಇಷ್ಟರಲ್ಲಿ ಅನಿರೀಕ್ಷಿತವಾದ ಆಘಾತವೊಂದು ಬಂದೊದಗಿತು. ಪೇಟೆಂಟು ದೊರೆತ ಎರಡು ವರ್ಷಗಳಲ್ಲಿಯೇ ಅದು ಊರ್ಜಿತವಲ್ಲವೆಂದು ಡನ್‌ಲಪ್ಪನಿಗೆ ತಿಳಿಸಲಾಯಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು ಗಾಳಿಯ ಗಾಲಿಯನ್ನು ಮೊದಲೇ ಕಂಡುಹಿಡಿದು, 1846ರಲ್ಲಿ ಫ್ರಾನ್ಸಿನಲ್ಲಿಯೂ 1847ರಲ್ಲಿ ಅಮೆರಿಕದಲ್ಲಿಯೂ ಪೇಟೆಂಟು ಪಡೆದಿದ್ದನು. ಆಗ ಡನ್‌ಲಪ್ಪನು ಇನ್ನೂ ಹಾಲುಗಲ್ಲದ ಹುಡುಗ. ಥಾಮ್ಸನ್ನನ ಕಾಲದಲ್ಲಿ ಸೈಕಲ್ಲಿನ ಪ್ರಚಾರವಿರಲಿಲ್ಲ, ಮೋಟಾರು ಹುಟ್ಟಿರಲಿಲ್ಲ. ಆದ್ದರಿಂದ ಅವನ ಗಾಲಿ ಜನಬಳಕೆಗೆ ಬರದೆ ಮರೆತುಹೋಗಿತ್ತು. 1873ರಲ್ಲಿ ಅವನು ತೀರಿಹೋಗಿದ್ದನು. ಡನ್‌ಲಪ್ಪನು ಯಾರದನ್ನೂ ಕದ್ದವನಲ್ಲ. ತಿಳಿಯದೆ ಅದೇ ದಾರಿಯನ್ನು ತಾನಾಗಿ ಹಿಡಿದವನು. ಆದರೂ ಮೊದಲು ಕಂಡವನ ಹಕ್ಕು ಮೊದಲನೆಯದೇ. ಮೊದಲು ಕಂಡ ಕೀರ್ತಿ ಥಾಮ್ಸನ್ನನಿಗೂ, ಜನರ ಕೈಗೆ ಮುಟ್ಟಿಸಿದ ಕೀರ್ತಿ ಡನ್‌ಲಪ್ಪನಿಗೂ ಸಲ್ಲಬೇಕು.

1895ರಲ್ಲಿ ಡನ್‌ಲಪ್ಪನು ಕಂಪನಿಯ ವ್ಯವಹಾರದಿಂದ ನಿವೃತ್ತನಾದನು. ಮರುವರ್ಷವೇ ಆ ಕಂಪನಿಯು ಮೂವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು! ಮುಂದೆ ಅದು ಅವನ ಹೆಸರನ್ನೇ ಧರಿಸಿ ಲೋಕಪ್ರಸಿದ್ಧವಾಯಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಅದರ ಕಾರ್ಖಾನೆಯು ಸ್ಥಾಪಿತವಾಗಿ, ನಮ್ಮ ದೇಶದಲ್ಲಿಯೂ ಆ ಹೆಸರು ಮನೆಮಾತಾಯಿತು. ಆದರೆ ಹೆಸರಿನ ಒಡೆಯನಿಗೆ ಹೇಳಿಕೊಳ್ಳುವಂತಹ ಐಶ್ವರ್ಯವೇನೂ ಬರಲಿಲ್ಲ. ಅವನು 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನ ತನ್ನ ಮನೆಯಲ್ಲಿ ನಿಧನ ಹೊಂದಿದನು. ಬಹುಕಾಲದ ನಂತರ ಉತ್ತರ ಐರ್ಲೆಂಡಿನ ಬ್ಯಾಂಕೊಂದು ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಅವನ ಚಿತ್ರವನ್ನು ಮುದ್ರಿಸಿ ಗೌರವಿಸಿತು.

ಗಾಳಿಯ ಗಾಲಿಗೆ ಹುಟ್ಟಿನಿಂದಲೇ ಒಂದು ಕುಂದೂ ಅಂಟಿಬಂದಿತ್ತು. ಒಂದು ಮುಳ್ಳು, ಒಂದು ಮೊಳೆ ಚುಚ್ಚಿದರೆ ಸಾಕು, ಪ್ರಯಾಣ ನಿಂತಂತೆಯೇ! ಮೊದಲ ಟೈರುಗಳನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದುದರಿಂದ ಪಂಕ್ಚರನ್ನು ಸರಿಪಡಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. 1891ರಲ್ಲಿ ಫ್ರಾನ್ಸಿನ ಮಿಶಲಿನ್ ಸೋದರರು ಬಿಚ್ಚಿ ಹಾಕಬಹುದಾದ ಸೈಕಲ್ ಟೈರನ್ನು ಹೊರತಂದರು. 1895ರಲ್ಲಿ ಅವರೇ ಪ್ಯಾರಿಸ್ಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಮರಳುವ ಪಂದ್ಯದಲ್ಲಿ ಮೋಟಾರಿಗೆ ಗಾಳಿ ಟೈರನ್ನು ತೊಡಿಸಿ ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳಾದರೂ ಧೈರ್ಯಗೆಡಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಥಾಮಸ್ ಮಾರಿಸ್ ಡೇವೀಸ್ ಎಂಬವನು ಮೋಟಾರಿಗೆ ಹೆಚ್ಚಿನ ಗಾಲಿಯೊಂದನ್ನು ಸಿದ್ಧಪಡಿಸಿದನು. ಅದು ತಯಾರಾದ ಬೀದಿಯ ಹೆಸರು ಸ್ಟೆಪ್ನಿ ಸ್ಟ್ರೀಟ್. ಇಂದಿಗೂ ನಮ್ಮ ಟ್ಯಾಕ್ಸಿ ಚಾಲಕರು ಹೆಚ್ಚಿನ ಗಾಲಿಯನ್ನು ಸ್ಟೆಪ್ನಿ ಎಂದು ಕರೆಯುವುದು ಆ ದೂರದ ಬೀದಿಯ ನೆನಪಿನಿಂದಲೇ.

ಈಗ ಪಾಠಕ್ಕೆ ಬರೋಣ. ದನವಾಗಲಿ ಕುದುರೆಯಾಗಲಿ ತನಗೆ ಇಂತಹ ಕಡೆ ನೋವೆಂದು ಬಾಯಿಬಿಟ್ಟು ಹೇಳಲಾರದು. ಪಶುವೈದ್ಯನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ರೋಗವನ್ನು ತಿಳಿಯಬೇಕು. ಟೈರೂ ಅಂತಹುದೇ ಒಂದು ಮೂಕಪ್ರಾಣಿ. ಓಡುವ ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟಿರುವುದು ಸುಮಾರು ಒಂದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಒಳಗೆ ಕುಳಿತ ತಂದೆತಾಯಿ, ಅಣ್ಣತಂಗಿಯರ ಪ್ರಾಣವು ಆ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ಟೈರಿನ ಗಾಳಿಯು ಪಂಕ್ಚರಾಗದಿದ್ದರೂ ದಿನಕಳೆದಂತೆ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ, ದೂರ ಪ್ರಯಾಣಕ್ಕೆ ಮುನ್ನ ತಪ್ಪದೆ, ಒತ್ತಡವನ್ನು ಅಳೆಸಬೇಕು. ಓಡಿದ ಟೈರು ಬಿಸಿಯಾಗಿ ಒತ್ತಡ ಏರಿರುತ್ತದೆ. ಆದಕಾರಣ ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ. ಅದನ್ನು ಅಳತೆಯಾಗಿ ಹಿಡಿಯಬಾರದು. ಗಾಳಿ ಕಡಮೆಯಾದರೆ ಟೈರಿನ ಪಕ್ಕಗಳು ಸುತ್ತುಸುತ್ತಿಗೂ ಬಾಗಿ, ಕಾದು, ವೇಗದಲ್ಲಿ ಸಿಡಿಯಬಹುದು. ಹೆಚ್ಚಾದರೆ ನಡುಭಾಗ ಬೇಗ ಸವೆದು ಹಿಡಿತ ತಪ್ಪುತ್ತದೆ.

ಟೈರಿನ ಮೇಲಿನ ಗೀರುಗಳು ಅಲಂಕಾರಕ್ಕಲ್ಲ. ಮಳೆಗಾಲದಲ್ಲಿ ರಸ್ತೆಯ ನೀರು ಆ ಗೀರುಗಳಲ್ಲಿ ಹರಿದುಹೋಗುವುದರಿಂದಲೇ ರಬ್ಬರು ನೆಲವನ್ನು ಮುಟ್ಟುತ್ತದೆ. ಅವುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಗೀರುಗಳ ನಡುವೆ ಸಣ್ಣ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದುದೇ ಗುರುತು. ಪಕ್ಕದ ಮೇಲೆ ನಾಲ್ಕು ಅಂಕಿಗಳೂ ಇರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಇದನ್ನು ಓದಿ ಹೇಳಲು ನೀವು ಚಾಲಕರಾಗಬೇಕಾದುದಿಲ್ಲ, ಅಂಕಿ ಬಲ್ಲವರಾದರೆ ಸಾಕು. ಉಬ್ಬು, ಸೀಳು, ಚುಚ್ಚಿದ ಮೊಳೆ ಕಂಡರೆ ಹಿರಿಯರಿಗೆ ಕೂಡಲೇ ತಿಳಿಸಿರಿ. ಆದರೆ ಮೊಳೆಯನ್ನು ನೀವೇ ಕಿತ್ತುಹಾಕಬೇಡಿರಿ. ಕಿತ್ತೊಡನೆ ಉಳಿದ ಗಾಳಿಯೂ ಹೊರಟುಹೋದೀತು. ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿರಿ. ಆಪತ್ತಿಗೆಂದು ಇಟ್ಟುಕೊಂಡ ಗಾಲಿಯೇ ಬತ್ತಿದ್ದರೆ ಅದನ್ನು ಹೊತ್ತು ತಿರುಗಿದ್ದು ವ್ಯರ್ಥ.

ಓಡುವಾಗಲೇ ಟೈರು ಪಂಕ್ಚರಾದರೆ ಗಾಬರಿಯೇ ದೊಡ್ಡ ಶತ್ರು. ಚಾಲಕನು ಒಮ್ಮೆಲೇ ಬ್ರೇಕನ್ನು ಒತ್ತಬಾರದು. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಬದಿಯ ಸಮವಾದ ಗಟ್ಟಿ ನೆಲಕ್ಕೆ ಬಂದು ನಿಲ್ಲಿಸಬೇಕು. ನಾಲ್ಕೂ ಎಚ್ಚರಿಕೆಯ ದೀಪಗಳನ್ನು ಮಿನುಗಿಸಿ, ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನವನ್ನು ಇಡಬೇಕು. ಆಗ ಮಕ್ಕಳು ಮಾಡಬೇಕಾದುದು ಒಂದೇ: ವಾಹನಗಳು ಓಡದ ಬದಿಯಿಂದ ಇಳಿದು, ರಸ್ತೆಯಿಂದ ದೂರ ಹೋಗಿ ನಿಲ್ಲುವುದು. ಗಾಲಿ ಬದಲಿಸುವುದನ್ನು ನೋಡಬೇಕೆಂಬ ಕುತೂಹಲದಿಂದ ಹತ್ತಿರ ಸುಳಿಯಬೇಡಿರಿ. ಮುಂಬಯಿ–ಪುಣೆಯ ದ್ರುತಮಾರ್ಗದಂತಹ ವೇಗದ ರಸ್ತೆಯಲ್ಲಿ ಓಡುವ ವಾಹನಗಳ ಪಕ್ಕದಲ್ಲಿ ಕುಳಿತು ಗಾಲಿ ಬಿಚ್ಚುವುದು ಅಪಾಯ. ಸಹಾಯಕ್ಕೆ ಕರೆ ಮಾಡಿ, ದೂರ ನಿಂತು ಕಾಯುವುದೇ ಜಾಣತನ.

ನೆಲ ಸುರಕ್ಷಿತವಾಗಿದ್ದರೆ ಹಿರಿಯರು ಹ್ಯಾಂಡ್ ಬ್ರೇಕನ್ನು ಎಳೆದು, ಗೇರಿನಲ್ಲಿಟ್ಟು, ಬೇರೊಂದು ಗಾಲಿಗೆ ಕಲ್ಲಿನ ಅಡ್ಡೆಯನ್ನು ಕೊಡಬೇಕು. ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಕೈಪಿಡಿ ತೋರಿಸಿದ ಜಾಗದಲ್ಲಿ ಜಾಕನ್ನು ಕೊಟ್ಟು ಎತ್ತಬೇಕು. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಕಾಲನ್ನಾಗಲಿ ತಲೆಯನ್ನಾಗಲಿ ಒಡ್ಡಲೇಬಾರದು. ಹೊಸ ಗಾಲಿಯನ್ನು ಕೂಡಿಸಿ, ನಟ್ಟುಗಳನ್ನು ಒಂದನ್ನು ಬಿಟ್ಟು ಎದುರಿನದೊಂದರಂತೆ ತಿರುಗಿಸಿ, ಕಾರನ್ನು ಇಳಿಸಿದ ಮೇಲೆ ಪೂರ್ತಿ ಬಿಗಿಯಬೇಕು. ಇಂದಿನ ಕಾರುಗಳ ಟೈರುಗಳಿಗೆ ಬಹುಮಟ್ಟಿಗೆ ಟ್ಯೂಬು ಇಲ್ಲದಿರುವುದರಿಂದ ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಹೋಗುತ್ತದೆ. ಇನ್ನೂ ಸ್ವಲ್ಪ ದೂರ ಓಡೀತೆಂದು ಉಪೇಕ್ಷೆ ಮಾಡಿದವರು ಟೈರನ್ನೇ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಅದಕ್ಕಿಂತ ಬೆಲೆಯುಳ್ಳದ್ದನ್ನೂ ಕಳೆದುಕೊಳ್ಳುತ್ತಾರೆ.

ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುವ ಕಡೆ ಬೆರಳನ್ನಿಟ್ಟು ರಂಧ್ರವನ್ನು ಹಿಡಿಯುವುದನ್ನು ನೀವು ನೋಡಿರಬಹುದು. ರೋಗವೆಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವ ಆ ಬೆರಳು ಡನ್‌ಲಪ್ಪನ ಕಸುಬನ್ನೇ ಮಾಡುತ್ತಿದೆ. ಧನವೂ ಪೇಟೆಂಟೂ ಡನ್‌ಲಪ್ಪನ ಕೈಯಲ್ಲಿ ನಿಲ್ಲಲಿಲ್ಲ. ಮಗನ ನೋವನ್ನು ಕಂಡ ಅವನ ಕಣ್ಣು ಮಾತ್ರ ನಮಗೆ ಆಸ್ತಿಯಾಗಿ ಉಳಿದಿದೆ. ಮುಂದಿನ ರಜೆಯಲ್ಲಿ ಊರಿಗೆ ಹೊರಡುವ ದಿನ, ಗಾಡಿಯನ್ನು ಹತ್ತುವ ಮುನ್ನ, ಅದನ್ನು ಒಂದು ಸುತ್ತು ಸುತ್ತಿ ನಾಲ್ಕೂ ಗಾಲಿಗಳ ಮೇಲೆ ಆ ಕಣ್ಣನ್ನು ಹಾಯಿಸಿರಿ. ಆಮೇಲೆ ಸುಖವಾಗಿ ಹೋಗಿಬನ್ನಿರಿ.