ಇಲಿಗಳ ಮರೆವು ವಾಸಿಯಾಯಿತೇ? ಡಾಕ್ಟರ್ ಅಲ್ಜೈಮರ್ ಕಂಡಿದ್ದು ಎರಡು ಗುರುತು

ಅಲ್ಜೈಮರ್ಸ್‌ಗೆ ಔಷಧಿ ಸಿಕ್ಕೇಬಿಟ್ಟಿತು, ಇಲಿಗಳ ಮರೆವು ಮಾಯವಾಯಿತು ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗಂತೂ ಆಗಾಗ ಬರುತ್ತದೆ. ಅದು ಹಸಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲಿ ಎಡವುತ್ತದೆ ಎಂದು ತಿಳಿಯಲು, ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ವೈದ್ಯರ ಬದುಕನ್ನೇ ನೋಡೋಣ.

ಅಲೋಯಿಸ್ ಅಲ್ಜೈಮರ್ ಹುಟ್ಟಿದ್ದು 1864ರಲ್ಲಿ, ಜರ್ಮನಿಯ ಬವೇರಿಯಾ ಪ್ರಾಂತ್ಯದ ಮಾರ್ಕ್ಟ್‌ಬ್ರೈಟ್ ಎಂಬ ಊರಿನಲ್ಲಿ. 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಮೆದುಳಿನ ತೆಳು ಪದರಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದರಲ್ಲಿ ಪಳಗಿದ್ದ ಫ್ರಾನ್ಸ್ ನಿಸ್ಲ್ ಅಲ್ಲಿ ಅವರ ಗೆಳೆಯರಾದರು.

1901ರಲ್ಲಿ ಪತ್ನಿ ತೀರಿಕೊಂಡರು. ಮೂವರು ಮಕ್ಕಳು. ಅದೇ ವರ್ಷ ನವೆಂಬರ್‌ನಲ್ಲಿ 51 ವರ್ಷದ ಆಗಸ್ಟೆ ಡೆಟರ್ ಎಂಬಾಕೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದರು. ತಟ್ಟೆಯಲ್ಲಿದ್ದ ಹೂಕೋಸನ್ನು ತಿನ್ನುತ್ತಲೇ ಅದನ್ನು ಪಾಲಕ್ ಎಂದರು. ಅಲ್ಜೈಮರ್ ಇದೆಲ್ಲವನ್ನೂ ಬರೆದಿಟ್ಟರು. ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಮರೆವೇಕೆ ಎಂಬುದು ಅವರನ್ನು ಕಾಡಿತು.

ಮುಂದೆ ಅವರು ಮ್ಯೂನಿಕ್‌ಗೆ ಹೋದರು. 1906ರ ಏಪ್ರಿಲ್‌ನಲ್ಲಿ ಆಗಸ್ಟೆ ತೀರಿಕೊಂಡಾಗ ಆಕೆಯ ಮೆದುಳನ್ನು ಅಲ್ಲಿಗೆ ತರಿಸಿಕೊಂಡರು. ಬೆಳ್ಳಿಯ ಬಣ್ಣ ಹಾಕಿ ನೋಡಿದಾಗ ಎರಡು ವಿಚಿತ್ರ ಕಂಡವು: ನರಕೋಶಗಳ ಹೊರಗೆ ಕಲೆಯಂಥ ಗಟ್ಟಿ ಶೇಖರಣೆ, ಕೋಶಗಳ ಒಳಗೆ ನೂಲು ಸಿಕ್ಕಾದಂಥ ಗಂಟು. ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ! ಕಾಯಿಲೆಗೆ ಅವರ ಹೆಸರಿಟ್ಟಿದ್ದು ಹಿರಿಯ ಸಹೋದ್ಯೋಗಿ ಎಮಿಲ್ ಕ್ರೇಪೆಲಿನ್, 1910ರ ತಮ್ಮ ಪಠ್ಯಪುಸ್ತಕದಲ್ಲಿ. 1912ರಲ್ಲಿ ಬ್ರೆಸ್ಲೌನಲ್ಲಿ ಪ್ರೊಫೆಸರ್ ಆದ ಅಲ್ಜೈಮರ್ 1915ರಲ್ಲಿ ತೀರಿಕೊಂಡರು. ಆಗ ಅವರಿಗೂ 51.

ಇನ್ನು ಇಲಿಗಳ ವಿಷಯ. ಇಲಿಗೆ ಎಷ್ಟೇ ವಯಸ್ಸಾದರೂ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಹಾಗಾಗಿ ಕಾಯಿಲೆಗೆ ಕಾರಣವಾಗುವ ಮನುಷ್ಯರ ಜೀನ್ ಸೇರಿಸಿ ಇಲಿಗಳನ್ನು ತಯಾರು ಮಾಡುತ್ತಾರೆ. 1995ರಲ್ಲಿ ಪ್ರಕಟವಾದ ಅಂಥ ಒಂದು ಇಲಿಯ ಮೆದುಳಿನಲ್ಲಿ ಅಲ್ಜೈಮರ್ ಕಂಡ ಕಲೆಗಳು ಮೂಡಿದವು. ಗಂಟುಗಳು ಮೂಡಲಿಲ್ಲ. ಗಂಟು ಬೇಕೆಂದರೆ ಇನ್ನೊಂದು ಜೀನ್ ಸೇರಿಸಬೇಕು, ಅದನ್ನು ಸಾಮಾನ್ಯವಾಗಿ ಬೇರೊಂದು ಮರೆವಿನ ಕಾಯಿಲೆಯಿಂದ ಎರವಲು ತರುತ್ತಾರೆ. ಅಂದರೆ ಫಾರ್ವರ್ಡ್‌ನಲ್ಲಿ ವಾಸಿಯಾದ ಇಲಿಗೆ ಇದ್ದದ್ದು ಬಹುಪಾಲು ಅರ್ಧ ಕಾಯಿಲೆ.

1999ರಲ್ಲಿ ಅದೇ ಇಲಿಗಳಿಗೆ ಒಂದು ಲಸಿಕೆ ಕೊಟ್ಟಾಗ ಕಲೆಗಳು ಕರಗಿದವು. ಜಗತ್ತೇ ಸಂಭ್ರಮಿಸಿತು. ಮನುಷ್ಯರಿಗೆ ಕೊಟ್ಟಾಗ ಸುಮಾರು 300 ಜನರಲ್ಲಿ 18 ಮಂದಿಗೆ ಮೆದುಳಿನ ಉರಿಯೂತ ಬಂದು, 2002ರಲ್ಲಿ ಪ್ರಯೋಗ ನಿಂತಿತು. ಇಲಿಗಳಲ್ಲಿ ಈ ಅಪಾಯದ ಸುಳಿವೇ ಇರಲಿಲ್ಲ. ಲಸಿಕೆ ಪಡೆದ ಕೆಲವರು ತೀರಿಕೊಂಡ ಮೇಲೆ ಮೆದುಳು ನೋಡಿದರೆ ಕಲೆಗಳು ಬಹುತೇಕ ಅಳಿಸಿಹೋಗಿದ್ದವು. ಆದರೂ ಅವರ ಮರೆವು ಕೊನೆಯವರೆಗೂ ಹೆಚ್ಚುತ್ತಲೇ ಹೋಗಿತ್ತು.

ಹಾಗಂತ ಇಲಿ ಪ್ರಯೋಗ ದಂಡ ಎನ್ನಲಾಗದು. 2023ರಲ್ಲಿ ಅಮೆರಿಕ ಒಪ್ಪಿದ ಲೆಕಾನೆಮ್ಯಾಬ್ ಎಂಬ ಔಷಧಿ ಹೊರಟಿದ್ದೂ ಇಲಿಗಳಿಂದಲೇ. ಕಾಯಿಲೆಯ ಆರಂಭದಲ್ಲಿರುವವರಲ್ಲಿ 18 ತಿಂಗಳಲ್ಲಿ ಅದು ಕುಸಿತವನ್ನು ಸುಮಾರು 27 ಶೇಕಡಾ ನಿಧಾನಿಸಿತು. ಮರೆತದ್ದನ್ನು ವಾಪಸ್ ತರಲಿಲ್ಲ.