ಕುಡಿಯದ ಕವಿ, ಕುಡುಕ ನಿರೂಪಕ: ಜಿ.ಪಿ. ರಾಜರತ್ನಂ ಅವರ ಬದುಕಿನ ಒಂದು ನೆಲೆ

ಕಾವ್ಯದ ಪ್ರಾಮಾಣಿಕತೆಯನ್ನು ಕವಿಯ ಖಾಸಗಿ ಅನುಭವದಿಂದಲೇ ಅಳೆಯುವ ರೂಢಿ ನವೋದಯ ಕಾಲದಿಂದ ಬಲವಾಗಿದೆ. ನೋಯದವನು ನೋವನ್ನು ಬರೆಯಲಾರ, ಮತ್ತೇರದವನು ಮತ್ತಿನ ಪದ ಹಾಡಲಾರ ಎಂಬ ನಂಬಿಕೆ ಈ ರೂಢಿಯ ಇನ್ನೊಂದು ಮುಖ. ಈ ನಂಬಿಕೆಯನ್ನು ಮರುಪರಿಶೀಲಿಸಲು ಜಿ.ಪಿ. ರಾಜರತ್ನಂ ಅವರ ಜೀವನ ಮಹತ್ವದ ನಿದರ್ಶನವಾಗಿದೆ. ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದ ಈ ಕವಿ ಸ್ವತಃ ಹೆಂಡ ಮುಟ್ಟಿದವರಲ್ಲ.

ಗುಂಡ್ಲು ಪಂಡಿತ ಮನೆತನದ ರಾಜರತ್ನಂ ಸಂಪ್ರದಾಯಸ್ಥ ಶ್ರೀವೈಷ್ಣವ ಪರಿಸರದಲ್ಲಿ ಬೆಳೆದವರು. 1931ರಲ್ಲಿ ಕನ್ನಡ ಎಂ.ಎ. ಪದವಿ ಪಡೆದರೂ ಸ್ಥಿರವಾದ ಉದ್ಯೋಗ ಕೂಡಲೇ ಒದಗಲಿಲ್ಲ. ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆತದ್ದು 1938ರಲ್ಲಿ. ನಡುವಿನ ವರ್ಷಗಳ ಅನಿಶ್ಚಿತತೆಯನ್ನು ಅವರು ಎದುರಿಸಿದ ರೀತಿ ಗಮನಾರ್ಹವಾದುದು. ಪುಟ್ಟ ಮಕ್ಕಳಿಗೆ ಪಾಠ ಹೇಳುವಾಗ ಪಠ್ಯದ ಪದ್ಯಗಳು ಒಗ್ಗದಿದ್ದುದರಿಂದ ತಾವೇ ಶಿಶುಗೀತೆಗಳನ್ನು ರಚಿಸಿದರು. ‘ತುತ್ತೂರಿ’ಯ ಹುಟ್ಟಿಗೆ ಇದೇ ಹಿನ್ನೆಲೆ. ಮಾಸ್ತಿಯವರ ಪ್ರೋತ್ಸಾಹದಿಂದ ಬೌದ್ಧ ಸಾಹಿತ್ಯದ ವ್ಯಾಸಂಗಕ್ಕೆ ತೊಡಗಿ, ಪಾಳಿಯ ಮೂಲಗಳನ್ನು ಕನ್ನಡಕ್ಕೆ ತಂದರು. ನಿರುದ್ಯೋಗದ ಬೇಗುದಿಗೆ ಅವರು ಕಂಡುಕೊಂಡ ಪರಿಹಾರ ದುಡಿಮೆಯೇ ಆಗಿತ್ತು.

‘ರತ್ನನ ಪದಗಳು’ ರೂಪುಗೊಂಡದ್ದು ಈ ದಶಕದಲ್ಲಿಯೇ. ಇಲ್ಲಿಯ ನಿರೂಪಕ ಬಡವ, ಅನಕ್ಷರಸ್ಥ, ಕುಡುಕ. ಹೆಂಡ, ಹೆಂಡತಿ ಪುಟ್ನಂಜಿ ಮತ್ತು ಕನ್ನಡ ಪದಗಳು ಅವನ ಲೋಕದ ಮೂರು ಆಸರೆಗಳು. ದೇವರೇ ಪ್ರತ್ಯಕ್ಷನಾಗಿ ಕೇಳಿದರೆ ಹೆಂಡವನ್ನೂ ಹೆಂಡತಿಯನ್ನೂ ಬಿಟ್ಟುಕೊಡಲು ಒಪ್ಪುವ ರತ್ನ, ಕನ್ನಡವನ್ನು ಬಿಡಲು ಮಾತ್ರ ಒಪ್ಪುವುದಿಲ್ಲ. ಹೆಂಡತಿಯನ್ನೂ ಬಿಡಬಲ್ಲೆನೆಂಬ ಮಾತಿನ ಒರಟುತನವನ್ನು ಕವಿ ಮರೆಮಾಚುವುದಿಲ್ಲ. ಅದು ರತ್ನನ ಸ್ವಭಾವದ ಭಾಗವಾಗಿಯೇ ಉಳಿಯುತ್ತದೆ. ಅಂತಿಮವಾಗಿ ಅವನನ್ನು ಹಿಡಿದಿಟ್ಟಿರುವುದು ಮತ್ತಲ್ಲ, ಮಾತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ವಿದ್ಯಾವಂತ ಮೇಲ್ಜಾತಿಯ ಕವಿಯೊಬ್ಬ ಬಡ ಕುಡುಕನ ವೇಷ ತೊಡುವುದು ಅಣಕವಾಗುವ ಅಪಾಯವಿದ್ದೇ ಇದೆ. ಇಂದಿನ ಓದು ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ. ಆದರೆ ರಾಜರತ್ನಂ ತಮ್ಮ ಹೆಸರಿನ ಅರ್ಧಭಾಗವನ್ನೇ ಆ ಪಾತ್ರಕ್ಕೆ ಕೊಟ್ಟಿರುವುದು ಆಕಸ್ಮಿಕವೆನ್ನಿಸುವುದಿಲ್ಲ. ರತ್ನನನ್ನು ನೋಡಿ ನಗುವವರ ಸಾಲಿನಲ್ಲಿ ಕವಿ ನಿಲ್ಲುವುದಿಲ್ಲ; ನಗೆಗೀಡಾಗುವವನ ಜೊತೆ ತನ್ನ ಹೆಸರನ್ನು ಸೇರಿಸಿಕೊಳ್ಳುತ್ತಾನೆ. ಗ್ರಾಮ್ಯವೆಂದು ಕಡೆಗಣಿಸಲ್ಪಟ್ಟ ಆಡುಮಾತು ಛಂದೋಬದ್ಧ ರಚನೆಗೆ ಒಗ್ಗುವಂತೆ ಮಾಡಲು ಸೂಕ್ಷ್ಮ ಕಿವಿಯೂ ಎಚ್ಚರದ ಮನಸ್ಸೂ ಬೇಕು. ಅಮಲಿನ ತೊದಲು ಇಲ್ಲಿ ಲಯವಾಗಿರುವುದು ಅಮಲಿನಿಂದಲ್ಲ, ಎಚ್ಚರದಿಂದ.

ಬೌದ್ಧ ಪಂಚಶೀಲಗಳಲ್ಲಿ ಐದನೆಯದು ಮಾದಕ ಪಾನದಿಂದ ದೂರವಿರುವುದು. ಬುದ್ಧನ ಬೋಧನೆಯನ್ನು ಕನ್ನಡಿಸಿದ ಲೇಖನಿಯೇ ರತ್ನನನ್ನೂ ಬರೆಯಿತು. ಇದನ್ನು ವೈರುಧ್ಯವೆಂದು ತಿಳಿಯಬೇಕಾಗಿಲ್ಲ. ಶೀಲವು ಕವಿಯ ಬದುಕಿಗೆ ಸೇರಿದ್ದು, ಕರುಣೆಯು ಪಾತ್ರಕ್ಕೆ ಸಂದದ್ದು. ಕುಡಿಯಬಾರದೆಂಬ ನಿಯಮವನ್ನು ತಮಗೆ ವಿಧಿಸಿಕೊಂಡವರು ಕುಡಿಯುವವನಿಗೆ ನೀತಿಬೋಧೆ ಮಾಡಲಿಲ್ಲ.

ಅಧ್ಯಾಪಕರಾಗಿ ಅವರು ಹಲವು ಕಾಲೇಜುಗಳಲ್ಲಿ ಸೇವೆ ಸಲ್ಲಿಸಿದರು. ಕಿರಿಯ ಬರಹಗಾರರನ್ನು ಬೆಳಕಿಗೆ ತರುವುದನ್ನೂ ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ಮಾರುವುದನ್ನೂ ಗೌರವಕ್ಕೆ ಕುಂದೆಂದು ಎಣಿಸಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯವು 1977ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1979ರ ಮಾರ್ಚ್ 13ರಂದು ನಿಧನರಾದರು. ಅನಂತರವೂ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಗಳ ಮೂಲಕ ರತ್ನ ಮನೆಮಾತಾಗಿಯೇ ಉಳಿದ.

ಕಲೆಗಾಗಿ ಬದುಕನ್ನು ಕೆಡಿಸಿಕೊಳ್ಳುವುದನ್ನೇ ಪ್ರಾಮಾಣಿಕತೆಯ ಗುರುತಾಗಿ ಕಾಣುವವರಿಗೆ ರಾಜರತ್ನಂ ಒಗಟಾಗಿ ತೋರಬಹುದು. ಅವರ ಬದುಕು ತಿಳಿಸುವ ಸಂಗತಿ ಸರಳವಾದುದು: ಇನ್ನೊಬ್ಬನ ಬವಣೆಯನ್ನು ಅರಿಯಲು ಅದರಲ್ಲಿ ಮುಳುಗಲೇಬೇಕಾಗಿಲ್ಲ, ದಡದಲ್ಲಿ ಕಾಲೂರಿ ನಿಂತವನ ಕೈಯೂ ಅಲ್ಲಿಗೆ ತಲಪಬಲ್ಲದು.